ಶಿವನಿಯ ಬೋರಿನ ಗೆರೆ

ಹಳೆಯ ಪ್ರೋಗ್ರಾಂಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡುವಂತೆ ಮಾಡಿಕೊಡುವುದು ನನ್ನ ಹೊಟ್ಟೆಪಾಡಿನ ಕೆಲಸ. ತರೀಕೆರೆಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯೊಂದಿದೆ. ಅಲ್ಲೇ ಕೂತು ಮಾಡುತ್ತೇನೆ. ಯಾವುದೋ ಊರಿನ ಪ್ರಯೋಗಾಲಯದವರು, ಕಾರ್ಖಾನೆಯವರು ತಮ್ಮ ಪ್ರೋಗ್ರಾಂ ಕಳಿಸುತ್ತಾರೆ. ಅದನ್ನು ಬರೆದವರು ಎಂದೋ ಕೆಲಸ ಬಿಟ್ಟು ಹೋಗಿರುತ್ತಾರೆ, ಕೆಲವೊಮ್ಮೆ ತೀರಿಕೊಂಡಿರುತ್ತಾರೆ. ಅವರು ಹೇಗೆ ಯೋಚಿಸಿದ್ದರು ಎಂಬುದನ್ನು ಸಾಲು ಸಾಲಾಗಿ ಓದುತ್ತಾ ಹೋಗಬೇಕು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ನಾನು ಹೆದರಿದ್ದು ಒಂದೇ ಒಂದು ಕೆಲಸದಲ್ಲಿ, ಅದೂ ಹಾಡಹಗಲಲ್ಲಿ.

ಆ ಕೆಲಸ ಕೊಟ್ಟವರು ನನ್ನ ಹಳೆಯ ಮೇಡಂ. ಕಡೂರಿನಲ್ಲಿ ನಾನು ಓದುತ್ತಿದ್ದಾಗ ಫಿಸಿಕ್ಸ್ ಕಲಿಸಿದವರು. ನಿವೃತ್ತರಾದ ಮೇಲೆ ಶಿವನಿಯ ಸ್ವಂತ ಮನೆಗೆ ಬಂದು, ತಾಯಿ ಮತ್ತು ತಮ್ಮನ ಜೊತೆ ಇದ್ದರು. ಮೇಡಂ ಮದುವೆಯಾಗಿರಲಿಲ್ಲ, ತಮ್ಮನೂ ಆಗಿರಲಿಲ್ಲ. ತಾಯಿ ಹೋಗಿ ಕೆಲವು ವರ್ಷವಾಗಿತ್ತು. ತಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು ಈಚೆಗೆ.

ಒಂದು ಬೆಳಿಗ್ಗೆ ಫೋನ್ ಮಾಡಿದರು.

"ನನ್ನ ಗ್ರಾಫ್ ನಿಂತೋಗಿದೆ ಕಣೇ. ಹಳೇ ಲ್ಯಾಪ್‌ಟಾಪ್ ಕೆಟ್ಟೋಯ್ತು, ಹೊಸದು ತಗೊಂಡೆ. ಅದ್ರಲ್ಲಿ ತಮ್ಮ ಬರೆದ ಪ್ರೋಗ್ರಾಂ ತೆಗೆದ್ರೆ ಬರೀ ಬೈಗುಳ ಬರುತ್ತೆ. ಒಂದ್ಸಲ ಬಂದು ನೋಡ್ತೀಯಾ?"

"ಯಾವ ಗ್ರಾಫ್ ಮೇಡಂ?"

"ಬಾವಿದು. ಬಾ, ತೋರಿಸ್ತೀನಿ."

ತರೀಕೆರೆಯಿಂದ ಅಜ್ಜಂಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶಿವನಿಗೆ ಇನ್ನೊಂದು. ಮನೆ ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಆಚೆಗೆ. ಹಿತ್ತಿಲಿನಲ್ಲಿ ಒಂದಷ್ಟು ತೆಂಗಿನ ಮರ, ಅದರಾಚೆ ತಂತಿಬೇಲಿ, ಬೇಲಿಯಾಚೆ ಹಳಿ. ತೆಂಗಿನ ಮರಗಳ ನಡುವೆ, ಮೊಣಕಾಲೆತ್ತರಕ್ಕೆ ಒಂದು ಕಬ್ಬಿಣದ ಕೊಳವೆ ನೆಲದಿಂದ ಎದ್ದು ನಿಂತಿತ್ತು. ಬೋರು ಕೊರೆಸಿದಾಗ ನೀರು ಸವಳಾಗಿ, ಕುಡಿಯಲಾಗದಂತೆ ಬಂದಿದ್ದರಿಂದ ಪಂಪು ಇಳಿಸದೆ ಹಾಗೇ ಬಿಟ್ಟಿದ್ದರು. ಕೊಳವೆಯ ಬಾಯಿಗೆ ಮುಚ್ಚಳ, ಮುಚ್ಚಳದಲ್ಲೊಂದು ತೂತು, ತೂತಿನಿಂದ ಒಳಗೆ ಇಳಿದಿರುವ ಕರಿ ವೈರು.

"ಕೆಳಗಡೆ ಸೆನ್ಸರ್ ಇದೆ" ಎಂದರು ಮೇಡಂ. "ನೀರು ಎಷ್ಟು ಎತ್ತರದಲ್ಲಿದೆ ಅಂತ ಸೆಕೆಂಡ್ ಸೆಕೆಂಡ್ ಗೂ ಹೇಳ್ತಿರುತ್ತೆ. ನಾನು ಒಂದ್ಸಲ ಸುಮ್ನೆ ಅಂದಿದ್ದೆ, ಗೂಡ್ಸ್ ಗಾಡಿ ಹೋದಾಗ ಆ ಭಾರಕ್ಕೆ ನೆಲದೊಳಗಿನ ನೀರೂ ಅಲ್ಲಾಡ್ಬೇಕಲ್ವೇನೋ ಅಂತ. ಇವನು ಮಾರನೇ ವಾರಕ್ಕೆಲ್ಲ ಇದನ್ನ ಇಳಿಸ್ಬಿಟ್ಟ."

ತಮ್ಮನಿಗೆ ಅಜ್ಜಂಪುರದಲ್ಲಿ ಟೀವಿ, ಯುಪಿಎಸ್ ರಿಪೇರಿಯ ಅಂಗಡಿಯಿತ್ತು. ಪ್ರೋಗ್ರಾಂ ಬರೆಯುವುದನ್ನು ತಾನಾಗಿಯೇ ಕಲಿತಿದ್ದನಂತೆ. ಅವನು ಬರೆದದ್ದೂ, ಸೆನ್ಸರ್ ಇಷ್ಟು ವರ್ಷ ಕಳಿಸಿದ ಅಂಕಿಗಳೂ ಒಂದು ಹಾರ್ಡ್ ಡಿಸ್ಕಿನಲ್ಲಿ ಉಳಿದಿದ್ದವು.

ನಡುಮನೆಯ ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇಟ್ಟು ನೋಡಿದೆ. ಮೇಡಂ ಹೇಳಿದ ಬೈಗುಳ, ಅಂದರೆ ಎರರ್ ಸಂದೇಶ, ಯಾವುದೆಂದು ತಿಳಿಯಿತು. ಇಂಥ ಪ್ರೋಗ್ರಾಂಗಳಲ್ಲಿ ಎರಡು ಭಾಗ ಇರುತ್ತದೆ. ಅಂಕಿಗಳನ್ನು ಗೆರೆಯಾಗಿ ಬಿಡಿಸುವುದು ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂ. ಆ ಗೆರೆಗೆ ಪರದೆಯ ಮೇಲೆ ಕಿಟಕಿ, ಬಟನ್ನು, ಮೌಸು ಒದಗಿಸುವುದು ಇನ್ನೊಂದು ಟೂಲ್‌ಕಿಟ್. ಟೂಲ್‌ಕಿಟ್ ಬಹಳ ಮುಂದಕ್ಕೆ ಹೋಗಿತ್ತು, ಹಳೆಯ ಆವೃತ್ತಿ ಹೊಸ ಕಂಪ್ಯೂಟರಿನಲ್ಲಿ ನಿಲ್ಲುವುದೇ ಇಲ್ಲ. ಲೈಬ್ರರಿ ಮಾತ್ರ ಹಳೆಯ ಹೆಸರುಗಳನ್ನೇ ಹಿಡಿದು ಅದನ್ನು ಕರೆಯುತ್ತಿತ್ತು. ಹೊಸ ಲೈಬ್ರರಿ ಹಾಕಿಬಿಡೋಣವೆಂದರೆ ಈ ತಮ್ಮ ಹಳೆಯದರ ಒಳಗೇ ಕೈಹಾಕಿ ಅಲ್ಲಲ್ಲಿ ತನಗೆ ಬೇಕಾದಂತೆ ತಿದ್ದಿಕೊಂಡಿದ್ದ. ಹಾಗಾಗಿ ಅವನ ಲೈಬ್ರರಿಯನ್ನೇ ಹೊಸ ಟೂಲ್‌ಕಿಟ್ಟಿಗೆ ಹೊಂದಿಸಬೇಕಿತ್ತು.

ಮೊದಲ ದಿನ ಹೆಸರುಗಳನ್ನು ಬದಲಾಯಿಸುವುದರಲ್ಲೇ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಬೈಗುಳಗಳೆಲ್ಲ ನಿಂತು ಒಂದು ಬೂದು ಕಿಟಕಿ ತೆರೆದುಕೊಂಡಿತು. ಇನ್ನೂ ಸ್ವಲ್ಪ ತಿದ್ದಿದ ಮೇಲೆ ಗೆರೆಯೂ ಬಂತು, ಆದರೆ ಕಿಟಕಿಯ ಒಂದು ಮೂಲೆಯಲ್ಲಿ ಮುದುಡಿಕೊಂಡು. ಗೆರೆಯ ಮೇಲೆ ಎಲ್ಲಿ ಬೇಕಾದರೂ ಮೌಸ್ ಇಟ್ಟರೆ ಅಲ್ಲಿಗೆ ಒಂದು ಪ್ಲಸ್ ಗುರುತು ಬಂದು ಆ ಹೊತ್ತಿನ ನೀರಿನ ಮಟ್ಟ ತೋರಿಸಬೇಕು, ಅವನು ಹಾಗೆ ಮಾಡಿಟ್ಟಿದ್ದ. ನಾನು ಮೌಸನ್ನು ಬಲತುದಿಗೆ ಒಯ್ದೆ. ಗುರುತು ಬರಲಿಲ್ಲ. ಅದು ನನ್ನ ಮೌಸಿನಿಂದ ದೂರ, ಎಡಗಡೆಯಲ್ಲಿ ಎಲ್ಲೋ, ನನ್ನ ಅರ್ಧ ವೇಗದಲ್ಲಿ ತೆವಳುತ್ತಿತ್ತು. ನಾನು ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅಲುಗಿಸಿದರೆ ಗೆರೆಯ ಬೇರೆ ಯಾವುದೋ ಜಾಗವನ್ನು ತಡವುತ್ತಾ ಹೊರಡುತ್ತಿತ್ತು.

ಕಾಫಿ ತಂದ ಮೇಡಂ ನನ್ನ ಹಿಂದೆ ನಿಂತುಬಿಟ್ಟಿದ್ದರು. ಲೋಟ ಮೇಜಿಗೆ ಇಡುವುದನ್ನೇ ಮರೆತಿದ್ದರು.

"ಅವನು ಹಂಗೇ ಮಾಡ್ತಿದ್ದ" ಎಂದರು. "ನಿಧಾನಕ್ಕೆ. ಏನೋ ಬೀಳಿಸ್ಕೊಂಡು ಹುಡುಕೋ ಹಂಗೆ."

"ಹೊಸ ಸ್ಕ್ರೀನಿನ ಚುಕ್ಕಿಗಳು ಹಳೇದರ ಅರ್ಧದಷ್ಟೇ ಮೇಡಂ. ಟೂಲ್‌ಕಿಟ್ ಅಳೆಯೋದು ಒಂದು ಲೆಕ್ಕದಲ್ಲಿ, ಲೈಬ್ರರಿ ಅಳೆಯೋದು ಇನ್ನೊಂದು ಲೆಕ್ಕದಲ್ಲಿ. ಅದಕ್ಕೆ ಗುರುತು ಹಿಂದೆ ಬೀಳ್ತಿದೆ."

"ಹೂಂ, ಗೊತ್ತಾಗುತ್ತೆ ಕಣೇ" ಎಂದರು. ಆದರೆ ಕಣ್ಣು ಪರದೆಯಿಂದ ಕೀಳಲಿಲ್ಲ. ಸಂಜೆಗೆ ಮುಂಚೆ ನಾನು ಎರಡೂ ಲೆಕ್ಕವನ್ನು ಒಂದು ಮಾಡಿ, ಗುರುತನ್ನು ಮೌಸಿನ ತುದಿಗೆ ತಂದು ಕೂರಿಸಿದಾಗ "ಸರಿ ಹೋಯ್ತಾ?" ಎಂದು ಕೇಳಿದರು. ಅವರಿಗೆ ಸಂತೋಷವಾಗಿರಲಿಲ್ಲ.

ಉಳಿದ ಕೆಲಸಕ್ಕೆ ಎಲ್ಲವನ್ನೂ ನಕಲು ಮಾಡಿಕೊಂಡು ತರೀಕೆರೆಗೆ ಬಂದೆ. ಮನೆಯಲ್ಲಿ ಇನ್ನೊಂದು ತೊಡಕು ಕಾಣಿಸಿತು. ಕಿಟಕಿಯನ್ನು ಹಿಗ್ಗಿಸಿದರೆ ಹೊಸ ಗೆರೆ ಬರುತ್ತಿತ್ತು, ಹಳೆಯ ಗೆರೆ ಹೋಗುತ್ತಿರಲಿಲ್ಲ. ಮಸುಕಾಗಿ, ಅಡಿಯಲ್ಲಿ ಉಳಿದುಬಿಡುತ್ತಿತ್ತು. ಒಂದೇ ಬಾವಿಯಲ್ಲಿ ಎರಡು ನೀರು ಇದ್ದಂತೆ. ಒಂದು ಇವತ್ತಿನದು, ಇನ್ನೊಂದು ಬಿಟ್ಟು ಹೋಗಲೊಪ್ಪದ್ದು. ಇಂಥವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಿನ್ನೆಲೆಯ ಚಿತ್ರವನ್ನು ಲೈಬ್ರರಿ ಒಮ್ಮೆ ನೆನಪಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಹಾಸುತ್ತದೆ. ಕಿಟಕಿಯ ಅಳತೆ ಬದಲಾದಾಗ ಹೊಸದಾಗಿ ನೆನಪಿಟ್ಟುಕೊಳ್ಳುವಂತೆ ಹೇಳಬೇಕು, ಅಷ್ಟೆ. ಹೇಳಿದೆ, ಮಸುಕು ಗೆರೆ ಹೋಯಿತು. ಆದರೂ ಅವತ್ತು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದವಳು ಕುರ್ಚಿಯನ್ನು ತಿರುಗಿಸಿಕೊಂಡೆ. ಯಾಕೆಂದು ಆಗ ಯೋಚಿಸಲಿಲ್ಲ.

ಕೊನೆಗೆ ಉಳಿದದ್ದು ಒಂದು ತುಂಡು. ಗೆರೆ ಎಳೆಯುವ ಜಾಗದಲ್ಲೇ, ಲೈಬ್ರರಿಯ ನಡುವೆ, ಅವನು ಹತ್ತಿಪ್ಪತ್ತು ಸಾಲು ಸೇರಿಸಿದ್ದ. ಯಾಕೆ ಎಂದು ಒಂದು ಮಾತೂ ಬರೆದಿರಲಿಲ್ಲ. ಬೇರೆ ಕಡೆಯೆಲ್ಲ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವ ಮನುಷ್ಯ ಇಲ್ಲಿ ಮಾತ್ರ ಸುಮ್ಮನಿದ್ದ. ಆ ಸಾಲುಗಳು ಅಕ್ಕಪಕ್ಕದ ಬಿಂದುಗಳನ್ನು ಬೆರೆಸಿ ಗೆರೆಯನ್ನು ನುಣುಪು ಮಾಡುತ್ತಿದ್ದವು. ಅವು ಆತುಕೊಂಡಿದ್ದ ಹಳೆಯ ಸೌಲಭ್ಯ ಹೊಸ ಟೂಲ್‌ಕಿಟ್ಟಿನಲ್ಲಿ ಇರಲೇ ಇಲ್ಲ. ನೋಡಲು ಚೆನ್ನಾಗಿರಲಿ ಎಂದು ಮಾಡಿದ್ದಿರಬೇಕು ಅಂದುಕೊಂಡೆ. ತೆಗೆದುಹಾಕಿದೆ. ಅದಿಲ್ಲದೆಯೇ ಎಲ್ಲವೂ ಸಲೀಸಾಗಿ ಓಡಿತು.

ಮುಂದಿನ ವಾರ ಶಿವನಿಗೆ ಹೋಗಿ ಮೇಡಂ ಲ್ಯಾಪ್‌ಟಾಪಿಗೆ ಅದನ್ನು ಹಾಕಿ, ಬಾವಿಯ ವೈರನ್ನು ಜೋಡಿಸಿದೆ. ಪರದೆಯ ಎಡದಿಂದ ಬಲಕ್ಕೆ ನೀಲಿ ಗೆರೆ ತಾನಾಗಿಯೇ ಬೆಳೆಯತೊಡಗಿತು. ಸ್ವಲ್ಪ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಬಂತು. ನಡುಮನೆಯ ಕಿಟಕಿಯ ಗಾಜು ಗುಯ್‌ಗುಟ್ಟಿತು, ಲೋಟದಲ್ಲಿನ ಕಾಫಿಯ ಮೇಲೆ ಉಂಗುರಗಳೆದ್ದವು, ಗೆರೆ ಸಣ್ಣ ಗುಡ್ಡದ ಹಾಗೆ ಮೇಲೇರಿ ಗಾಡಿ ದಾಟಿದ ಮೇಲೆ ಇಳಿಯಿತು. ಗಾಡಿಯ ಭಾರಕ್ಕೆ ನೆಲ ಕುಗ್ಗಿ, ಬಂಡೆಯ ಸಂದಿನ ನೀರು ಕೊಳವೆಯಲ್ಲಿ ಮೇಲೇರುತ್ತದೆ. ಕಣ್ಣಾರೆ ಕಂಡ ನನಗೆ ಮೈ ಜುಮ್ಮೆಂದಿತು. ಮೇಡಂ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

"ಬಂತು! ನೋಡ್ದೇನೇ? ಉಂಡು ಹೋಗು ಇವತ್ತು. ಮುದ್ದೆ ಮಾಡ್ತೀನಿ" ಎಂದು ಒಳಗೆ ಹೋದರು.

ನಾನು ಬಟನ್ನುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ ಕೂತೆ. ಬಿಸಿಲು ನೆತ್ತಿಗೆ ಬಂದಿತ್ತು. ಹೊರಗೆ ಒಂದು ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಗಾಡಿ ಯಾವುದೂ ಇರಲಿಲ್ಲ.

ಗೆರೆ ಮೇಲೆ ಹೋಯಿತು. ಕೆಳಗೆ ಬಂತು. ಮತ್ತೆ ಮೇಲೆ.

ರೈಲಿನ ಉಬ್ಬು ಹಾಗಿರುವುದಿಲ್ಲ. ಅದು ಒಂದೇ ಒಂದು ಗುಡ್ಡ. ಇದು ಮಲಗಿದವರ ಎದೆಯ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಮೊದಮೊದಲು ಕೊಂಚ, ಆಮೇಲೆ ಇನ್ನೂ ಎತ್ತರಕ್ಕೆ, ಇನ್ನೂ ಆಳಕ್ಕೆ. ಏರಿಕೆ ಇಳಿಕೆಗಳ ನಡುವಿನ ಹೊತ್ತು ಮಾತ್ರ ಒಂದೇ ಸಮ.

ನನ್ನ ತಪ್ಪೇ ಇರಬೇಕು ಎಂದುಕೊಂಡೆ. ಹೊಸ ಟೂಲ್‌ಕಿಟ್ಟಿನ ಗಡಿಯಾರ ಎರಡೆರಡು ಸಲ ಬಡಿದು, ಹಳೆಯ ಅಂಕಿ ಹೊಸ ಅಂಕಿ ಕಲಸಿಹೋಗುತ್ತಿರಬಹುದು. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದೆ. ಗೆರೆ ಅದೇ ಏರಿಳಿತದಿಂದ ಶುರುವಾಯಿತು. ಗ್ರಾಫ್ ಬಿಟ್ಟು, ಸೆನ್ಸರಿನಿಂದ ನೇರವಾಗಿ ಬರುತ್ತಿದ್ದ ಅಂಕಿಗಳನ್ನೇ ಬೇರೆ ಕಿಟಕಿಯಲ್ಲಿ ತೆರೆದೆ. ಅಂಕಿಗಳೂ ಏರುತ್ತಿದ್ದವು, ಇಳಿಯುತ್ತಿದ್ದವು. ಅಂದರೆ ಗೆರೆ ಎಳೆಯುವುದರಲ್ಲಿ ತಪ್ಪಿರಲಿಲ್ಲ.

ತಲೆಯೆತ್ತಿದಾಗ ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಗೆ ಹಿಟ್ಟು ಮೆತ್ತಿತ್ತು.

"ಆಫ್ ಮಾಡು."

"ಏನು ಮೇಡಂ?"

"ಆಫ್ ಮಾಡೇ ಅದನ್ನ!"

ಕಾಲೇಜಿನ ದಿನಗಳಲ್ಲೂ ಅವರು ನನಗೆ ಹಾಗೆ ಗದರಿದ್ದಿಲ್ಲ. "ವೈರ್ ಲೂಸ್ ಆಗಿರ್ಬೇಕು, ನೋಡ್ಕೊಂಡು ಬರ್ತೀನಿ" ಎಂದು ಹಿತ್ತಿಲಿಗೆ ಹೊರಟೆ. ಹಿಂದೆಯೇ ಅವರೂ ಬಂದರು, ಚಪ್ಪಲಿ ಮೆಟ್ಟದೆ.

ಹೊರಗೆ ನಿಶ್ಶಬ್ದವೆಂದರೆ ನಿಶ್ಶಬ್ದ. ಹಳಿ ಎರಡೂ ಕಡೆಗೆ ಖಾಲಿಯಾಗಿ ಹೊಳೆಯುತ್ತಿತ್ತು. ಕೊಳವೆಯ ಪಕ್ಕ ಮಂಡಿಯೂರಿದೆ. ಕಬ್ಬಿಣ ಮುಟ್ಟಲಾರದಷ್ಟು ಕಾದಿತ್ತು. ಮುಚ್ಚಳದ ತೂತಿನ ಹತ್ತಿರ ವೈರನ್ನು ಹಿಡಿದು ಎಳೆದು ನೋಡಿದೆ. ಬಿಗಿಯಾಗಿಯೇ ಇತ್ತು. ಕೈ ಅಲ್ಲೇ ಇದ್ದಾಗ ಅಂಗೈಗೆ ತಣ್ಣನೆಯ ಗಾಳಿ ತಗುಲಿತು.

ತೂತಿನೊಳಗಿಂದ ಬರುತ್ತಿತ್ತು. ಒದ್ದೆ ಮಣ್ಣಿನ, ತುಕ್ಕಿನ ವಾಸನೆಯ ಗಾಳಿ. ಬಂತು, ಬಂತು, ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನನ್ನ ಅಂಗೈಯ ಚರ್ಮವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು.

ಕೈ ಕಿತ್ತುಕೊಂಡೆ. ಮೇಡಂ ನನ್ನನ್ನು ನೋಡಿ, ಏನೂ ಕೇಳದೆ, ತಮ್ಮ ಕೈಯನ್ನು ಆ ತೂತಿನ ಮೇಲಿಟ್ಟರು. ಅವರು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಗೇ ಕೂತರು. ನಾನು ಸೆರಗನ್ನು ಕಿವಿಗೆ ಒತ್ತಿಕೊಂಡು ಬಿಸಿ ಕೊಳವೆಗೆ ತಲೆಯಾನಿಸಿದೆ. ಬಹಳ ಕೆಳಗೆ, ಕತ್ತಲೆಯಲ್ಲಿ, ನೀರು ಕೊಳವೆಯ ಗೋಡೆಗೆ ತುಳುಕುವ ಸದ್ದು ಕೇಳಿಸಿತು. ಯಾರೋ ತುಂಬಿದ ಹಂಡೆಯನ್ನು ಎತ್ತಿಕೊಂಡು ನಡೆಯುತ್ತಿರುವ ಹಾಗೆ.

ಎಷ್ಟು ಹೊತ್ತು ಹಾಗಿದ್ದೆವೋ. ಕೊಳವೆಯ ಉಸಿರು ಸಣ್ಣದಾಗುತ್ತಾ ಬಂತು. ಕೊನೆಗೆ ಮೇಡಂ "ನಿಂತೋಯ್ತು" ಎಂದು ಕೈ ತೆಗೆದರು. ಅಂಗೈಯಲ್ಲಿ ಹಿಟ್ಟು ಒಣಗಿ ಬಿರಿದಿತ್ತು.

ಮುದ್ದೆ ಇಬ್ಬರ ತಟ್ಟೆಯಲ್ಲೂ ಅರ್ಧ ಉಳಿಯಿತು. ನಾನು ಸಂಜೆಯ ಬಸ್ಸಿಗೆ ಹೋಗೋಣವೆಂದು ಉಳಿದುಕೊಂಡೆ. ಅವರನ್ನು ಒಬ್ಬರನ್ನೇ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ, ಒಬ್ಬಳೇ ಹೊರಡಲೂ ಮನಸ್ಸಿರಲಿಲ್ಲ. ಏನಾದರೂ ಸದ್ದಿರಲಿ ಎಂದು ಮೇಡಂ ಟೀವಿ ಹಾಕಿದರು. ಸುದ್ದಿಯಲ್ಲಿ ಬಿದ್ದ ಮನೆಗಳನ್ನು ತೋರಿಸುತ್ತಿದ್ದರು. ಸಮುದ್ರದಾಚೆಯ ದೇಶವೊಂದರಲ್ಲಿ ನಮ್ಮ ನಡುಮಧ್ಯಾಹ್ನಕ್ಕೆ ತುಸು ಮುಂಚೆ ದೊಡ್ಡ ಭೂಕಂಪವಾಗಿತ್ತು. ರಸ್ತೆಯ ತುಂಬ ಜನ, ಒಬ್ಬ ಹೆಂಗಸು ಒಂದೇ ಚಪ್ಪಲಿಯಲ್ಲಿ ಓಡುತ್ತಿದ್ದಳು.

ಮೇಡಂ ನೆಟ್ಟಗೆ ಕೂತರು. ಮತ್ತೆ ಫಿಸಿಕ್ಸ್ ಮೇಡಂ ಆಗಿಬಿಟ್ಟರು.

"ಅಲೆ ಕಣೇ! ಭೂಮಿ ಮೇಲೆ ಹರ್ಕೊಂಡು ಬರೋ ಉದ್ದನೇ ಅಲೆ. ನಮ್ಮ ಕಾಲಿಗೆ ಗೊತ್ತಾಗೋದಿಲ್ಲ, ಬಾವಿ ನೀರಿಗೆ ಗೊತ್ತಾಗುತ್ತೆ. ಬಂಡೆ ಹಿಂಡಿದಾಗ ಮೇಲೆ, ಬಿಟ್ಟಾಗ ಕೆಳಗೆ. ನೀರು ಏರಿದ್ರೆ ಗಾಳಿ ಹೊರಗೆ, ಇಳಿದ್ರೆ ಒಳಗೆ." ಬೆರಳಲ್ಲಿ ಏನೋ ಲೆಕ್ಕ ಹಾಕಿದರು. ಮುಖ ಇಳಿಯಿತು. "ಅಲ್ಲಿಂದ ಇಲ್ಲಿಗೆ ಬರೋಕೆ ಕಾಲು ಗಂಟೆಗಿಂತ ಜಾಸ್ತಿ ಬೇಕು. ನಾವು ಕೈ ಇಟ್ಕೊಂಡು ಕೂತಿದ್ದಾಗ ಅಲ್ಲಿ ಎಲ್ಲಾ ಮುಗಿದೋಗಿತ್ತು."

ನಾನು ನನ್ನ ಅಂಗೈ ನೋಡಿಕೊಂಡೆ. ಕಾರಣ ತಿಳಿದರೆ ಹೆದರಿಕೆ ಹೋಗುತ್ತದೆ ಎಂದು ನಂಬಿಕೊಂಡು ಬದುಕಿದವಳು ನಾನು. ಅವತ್ತು ಕಾರಣ ತಿಳಿದ ಮೇಲೆ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ಟೀವಿ ಆರಿಸಿ ಮೇಡಂ ಹೇಳಿದರು: "ಇದನ್ನ ನಾನು ಮುಂಚೆ ಒಂದ್ಸಲ ನೋಡಿದ್ದೆ."

ಸೆನ್ಸರ್ ಇಳಿಸಿದ ಹೊಸತರಲ್ಲಿ. ಅವರ ತಾಯಿ ಇದೇ ನಡುಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದರು. ಆಗ ಕೊನೆಯ ಗಳಿಗೆ.

"ತಮ್ಮ ಡಾಕ್ಟ್ರನ್ನ ಕರ್ಕೊಂಡ್ ಬರೋಕೆ ಹೋಗಿದ್ದ. ನಾನು ಅಮ್ಮನ ಕೈ ಹಿಡ್ಕೊಂಡಿದ್ದೆ. ಉಸಿರು ಬಿಟ್ಟು ಬಿಟ್ಟು ಬರ್ತಿತ್ತು. ಆಮೇಲೆ ಬರ್ಲಿಲ್ಲ. ಇನ್ನೊಂದು ಬರುತ್ತೆ ಅಂತ ಕಾಯ್ತಾ ಇದ್ದೆ ಕಣೇ. ಬರ್ಲಿಲ್ಲ. ಕತ್ತೆತ್ತಿದೆ. ಮೇಜಿನ ಮೇಲೆ ಕಂಪ್ಯೂಟರ್ ಇತ್ತಲ್ಲ, ಅದ್ರಲ್ಲಿ ಗೆರೆ ಉಸಿರಾಡ್ತಿತ್ತು."

ನನ್ನ ಕಣ್ಣು ಆ ಮೇಜಿನ ಕಡೆ ಹೋಯಿತು.

"ಇವನು ಬಂದಾಗ ನಾನು ಕಿರುಚ್ತಿದ್ನಂತೆ. ನನಗೆ ನೆನಪಿಲ್ಲ. ಆಮೇಲೆ ಎಷ್ಟೋ ದಿನ ಆ ಕಡೆ ತಿರುಗಿ ನೋಡ್ತಿರ್ಲಿಲ್ಲ. ಅವನೇ ಒಂದಿನ ಬಂದು ಹೇಳ್ದ, ಅಕ್ಕ, ಇನ್ನು ಮೇಲೆ ಹಂಗೆ ಬರೋದಿಲ್ಲ, ನಾನು ಸರಿ ಮಾಡಿದೀನಿ ಅಂತ. ಏನು ಮಾಡ್ದೆ ಅಂತ ನಾನೂ ಕೇಳ್ಲಿಲ್ಲ. ಆಮೇಲೆ ಯಾವತ್ತೂ ಬರ್ಲಿಲ್ಲ. ರೈಲಿಂದು ಮಾತ್ರ ಬರ್ತಿತ್ತು."

ಟಿಪ್ಪಣಿಯಿಲ್ಲದ ಆ ಸಾಲುಗಳು ನನ್ನ ಕಣ್ಣ ಮುಂದೆ ಬಂದವು. ರೈಲಿನ ಉಬ್ಬು ನಿಧಾನದ್ದು, ಅಕ್ಕಪಕ್ಕದ ಬಿಂದು ಬೆರೆಸಿದರೂ ಉಳಿಯುತ್ತದೆ. ಇದು ಮೇಲೆ ಕೆಳಗೆ, ಮೇಲೆ ಕೆಳಗೆ, ಬೆರೆಸಿದರೆ ಅಳಿಸಿಹೋಗುತ್ತದೆ. ಬಾವಿ ಇಷ್ಟು ವರ್ಷ ಎಷ್ಟು ಸಲ ಹೀಗೆ ಉಸಿರಾಡಿತ್ತೋ, ಅಕ್ಕನ ಕಣ್ಣಿಗೆ ಬೀಳದಂತೆ ಅವನು ಅಡ್ಡ ನಿಂತಿದ್ದ. ಹೊಸ ಟೂಲ್‌ಕಿಟ್ಟಿಗೆ ಒಗ್ಗಲಿಲ್ಲವೆಂದು ನಾನು ಅವನನ್ನು ಸರಿಸಿದ್ದೆ. ಇದನ್ನು ಅವರಿಗೆ ಹೇಳಿದೆ.

ಮೇಡಂ ಎದ್ದು ಹೋಗಿ ಕಿಟಕಿಯಿಂದ ಕೊಳವೆಯ ಕಡೆ ನೋಡಿದರು. ಆಮೇಲೆ, "ಅಮ್ಮ ಹೋದ ದಿನದ ಅಂಕಿ ಡಿಸ್ಕಲ್ಲಿ ಇರ್ಬೇಕಲ್ಲ?" ಎಂದರು. "ಅವತ್ತೂ ಎಲ್ಲೋ ಹಿಂಗೇ ಭೂಮಿ ನಡುಗಿತ್ತೇನೋ. ನೋಡಿ ಹೇಳು. ಗೊತ್ತಾದ್ರೆ ಸಾಕು ನನಗೆ."

ಮರುದಿನ ತರೀಕೆರೆಯಲ್ಲಿ ಆ ದಿನವನ್ನು ತೆರೆದೆ. ಮಧ್ಯಾಹ್ನದವರೆಗೆ ಗೆರೆ ಸಪಾಟು, ಅಲ್ಲಲ್ಲಿ ರೈಲಿನ ಗುಡ್ಡ. ಆಮೇಲೆ ಶುರುವಾಗಿತ್ತು. ನಾವು ನೋಡಿದ್ದಕ್ಕಿಂತ ಮೆಲ್ಲಗೆ, ಆದರೆ ಅದೇ ಏರು, ಅದೇ ಇಳಿ. ಇಂಟರ್‌ನೆಟ್ಟಿನಲ್ಲಿ ಆ ದಿನ ಪ್ರಪಂಚದಲ್ಲಿ ಎಲ್ಲೆಲ್ಲಿ ಭೂಮಿ ಕಂಪಿಸಿತ್ತು ಎಂದು ಹುಡುಕಿದೆ. ಸಣ್ಣಪುಟ್ಟವು ಇದ್ದವು, ಪಕ್ಕದ ಜಿಲ್ಲೆಗೂ ತಲುಪಲಾರದಂಥವು. ಶಿವನಿಯ ಬಾವಿಯನ್ನು ಅಲುಗಿಸುವಂಥದ್ದು ಆ ದಿನವೂ ಇರಲಿಲ್ಲ, ಹಿಂದಿನ ದಿನವೂ ಇರಲಿಲ್ಲ.

ಆಗ ನನ್ನ ಕೆಲಸದ ಮೇಲೆಯೇ ಅನುಮಾನ ಬಂತು. ತಪ್ಪು ನನ್ನದೇ ಆಗಿರಲಿ ಎಂದು ಬಯಸಿದೆ. ನನಗೆ ಗೊತ್ತಿದ್ದ ಅಂಕಿಗಳನ್ನು ಪ್ರೋಗ್ರಾಮಿಗೆ ಉಣಿಸಿದೆ. ಬರಬೇಕಾದ ಗೆರೆಯೇ ಬಂತು. ಆ ದಿನದ ಅಂಕಿಗಳನ್ನು ಸಂಬಂಧವೇ ಇಲ್ಲದ ಬೇರೊಂದು ಪ್ರೋಗ್ರಾಮಿಗೆ ಹಾಕಿದೆ. ಅಲ್ಲೂ ಅದೇ ಏರಿಳಿತ. ಅಕ್ಕಪಕ್ಕದಲ್ಲಿ ಯಾರಾದರೂ ಪಂಪು ಹಾಕಿ ಆರಿಸಿದ್ದರೇನೋ, ಯಾವುದಾದರೂ ಎಂಜಿನ್ನು ಹಳಿಯ ಮೇಲೆ ಹಿಂದೆ ಮುಂದೆ ಓಡಾಡಿತ್ತೇನೋ ಎಂದೆಲ್ಲ ಯೋಚಿಸಿದೆ. ಯಾವುದೂ ಹೊಂದಲಿಲ್ಲ. ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಪಾಳು ಬಿದ್ದ ಬೋರಿನ ಕೊಳವೆ ಕಂಡರೂ ನಾನು ರಸ್ತೆಯ ಆ ಬದಿ ಬಿಟ್ಟು ಈ ಬದಿಗೆ ಬರುತ್ತಿದ್ದೆ.

ಫೋನಿನಲ್ಲಿ ಹೇಳುವುದಕ್ಕಾಗಲಿಲ್ಲ. ಶಿವನಿಗೇ ಹೋದೆ. ಹೇಳುವಾಗ ಮೇಡಂ ಮುಖ ನೋಡದೆ ಮೇಜನ್ನು ನೋಡುತ್ತಿದ್ದೆ.

"ಕಾರಣ ಇಲ್ಲ ಅಂತಲ್ಲ ಮೇಡಂ. ನನಗೆ ಸಿಕ್ಕಿಲ್ಲ."

"ನಾನು ನಿನಗೆ ಕಲಿಸಿದ್ದೇ ಅದು" ಎಂದರು ಅವರು. ಹೆದರಿದ ದನಿಯಾಗಿರಲಿಲ್ಲ.

"ತಮ್ಮನವರು ಮಾಡಿದ್ದನ್ನ ಹೊಸದಾಗಿ ಬರೆದು ಹಾಕ್ಲಾ? ಕಷ್ಟ ಏನಿಲ್ಲ. ಮತ್ತೆ ಕಾಣೋದಿಲ್ಲ."

ಅವರು ಬೇಡವೆಂದು ತಲೆಯಾಡಿಸಿದರು. "ತಮ್ಮ ಹೋದ ದಿನದ್ದು ತೆಗಿ" ಎಂದರು.

ನನಗೂ ಅದು ಹೊಳೆಯದೆ ಇರಲಿಲ್ಲ. ಮನೆಯಲ್ಲಿ ಆ ದಿನದ ಮೇಲೆ ಕೈಯಿಟ್ಟು, ತೆರೆಯದೆ ಬಿಟ್ಟಿದ್ದೆ. ಈಗ ತೆರೆದೆ. ಬೆಳಗಿನಿಂದ ಸಂಜೆಯವರೆಗೂ ಸರಿಸಿದೆವು. ಸಪಾಟು ಗೆರೆ. ರೈಲು, ರೈಲು, ಮತ್ತೆ ರೈಲು. ಅವನ ಜೀವ ಹೋದ ಹೊತ್ತಿನಲ್ಲಿ ಗೆರೆ ಅಳತೆಕೋಲಿಟ್ಟು ಎಳೆದಷ್ಟು ನೇರವಾಗಿತ್ತು.

ನನಗೆ ಹಗುರಾಯಿತು. "ನೋಡಿ, ಏನೂ ಇಲ್ಲ" ಎಂದೆ.

ಮೇಡಂ ಪರದೆಯನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು.

"ಶಿವಮೊಗ್ಗ ದೂರ ಅಲ್ವೇನೇ ಇಲ್ಲಿಂದ" ಎಂದರು.

ತಮ್ಮನ ಉಸಿರು ಅಷ್ಟು ದೂರದಿಂದ ಈ ಬಾವಿಗೆ ತಲುಪಲಾರದೆ ಹೋಯಿತು ಎನ್ನುತ್ತಿದ್ದರು. ನಮಗೆ ನ್ಯೂಟನ್ನನ ನಿಯಮ ಬಾಯಿಪಾಠ ಮಾಡಿಸಿದ, ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುವವರನ್ನು ಕ್ಲಾಸಿನಲ್ಲಿ ನಕ್ಕು ಗೇಲಿ ಮಾಡುತ್ತಿದ್ದ ಹೆಂಗಸು. ವಾದ ಮಾಡಬೇಕೆನಿಸಿತು. ಆದರೆ ನನ್ನ ಕೈಯಲ್ಲಿ ಏನಿತ್ತು ವಾದಕ್ಕೆ?

ಹೊರಡುವ ಹೊತ್ತಿಗೆ ಗೇಟಿನವರೆಗೆ ಬಂದರು. "ಇನ್ಮೇಲೆ ನಾನು ಎಲ್ಲೂ ಹೋಗೋದಿಲ್ಲ ಕಣೇ. ಆಸ್ಪತ್ರೆ ಗೀಸ್ಪತ್ರೆ ಅಂತ ಯಾರೂ ಎಳ್ಕೊಂಡು ಹೋಗ್ಬಾರ್ದು. ಇಲ್ಲೇ ಇರ್ತೀನಿ" ಎಂದರು. ಆಮೇಲೆ, ಅಂಗಡಿಯಿಂದ ಏನೋ ತಂದುಕೊಡು ಎಂದು ಕೇಳುವಷ್ಟು ಸಲೀಸಾಗಿ, "ಆ ಗೆರೆ ಅಲ್ಲಿ ತರೀಕೆರೇಲಿ ನಿನಗೂ ಕಾಣೋ ಹಂಗೆ ಮಾಡೋಕಾಗುತ್ತಾ?"

ಆಗುತ್ತದೆ. ಅದು ಕಷ್ಟದ ಕೆಲಸವಲ್ಲ. ಆಗುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಈಗ ನನ್ನ ಪರದೆಯ ಬಲಮೂಲೆಯಲ್ಲಿ ಅಂಗೈಯಗಲದ ಒಂದು ಕಿಟಕಿ ಸದಾ ತೆರೆದಿರುತ್ತದೆ. ಬೇರೆ ಯಾರದೋ ಪ್ರೋಗ್ರಾಂ ತಿದ್ದುತ್ತಾ ಕೂತಿರುವಾಗ ಶಿವನಿಯಲ್ಲಿ ಗಾಡಿ ಹೋಗುವುದು ಗೊತ್ತಾಗುತ್ತದೆ. ಒಂದೆರಡು ಸಲ ಗೆರೆ ಮೆಲ್ಲಗೆ ಏರಿಳಿದದ್ದೂ ಇದೆ. ಹುಡುಕಿದಾಗ ಎಲ್ಲೋ ದೂರದಲ್ಲಿ ಭೂಮಿ ಕಂಪಿಸಿದ ಸುದ್ದಿ ಸಿಕ್ಕಿದೆ. ಆದರೆ ಸುದ್ದಿ ಹುಡುಕುವ ಮೊದಲು ನಾನು ಮೇಡಂಗೆ ಫೋನ್ ಮಾಡಿರುತ್ತೇನೆ. ರಿಂಗ್ ಆಗುತ್ತಿರುವಷ್ಟು ಹೊತ್ತೂ ಆ ಕಿಟಕಿಯ ಕಡೆ ನೋಡುವುದಿಲ್ಲ.

"ನೋಡ್ದೆ ಕಣೇ" ಎನ್ನುತ್ತಾರೆ ಅವರು, ಫೋನ್ ಎತ್ತುತ್ತಲೇ. "ನಾನಲ್ಲ."